ಟಿಕೆಟ್ ‘ಮಾಡಿಸು’ವುದೋ, ‘ಮಾಡು’ವುದೋ?

ಎಲ್ಲರಿಗೂ ನಮಸ್ಕಾರ. ಟಿಕೆಟ್ ಬುಕಿಂಗಿಗೆ ನಾವು ಬಳಸುವ ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ.

ನಮ್ಮ ಉಡುಪಿ, ಮಂಗಳೂರು ಕಡೆ ಮುಂಬೈಗೋ ದುಬೈಗೋ ಹೊರಟವರು ‘ಟಿಕೆಟ್ ಮಾಡಿಸಿದ್ದೇನೆ’ ಎನ್ನುತ್ತಿದ್ದರು. ಯಾರ ಹತ್ತಿರ ಅಂತ ಬಿಡಿಸಿ ಹೇಳುವುದೇ ಬೇಕಿರಲಿಲ್ಲ. ಹಂಪನಕಟ್ಟೆಯ ಯಾವುದೋ ಟ್ರಾವೆಲ್ಸ್‌ನವರು, ಇಲ್ಲವೇ ಬಸ್ ಆಫೀಸಿನವರು. ಮೇಜಿನ ಮೇಲೆ ಸೀಟಿನ ಚಾರ್ಟು, ಅದರಲ್ಲಿ ಪೆನ್ನಿನ ಗುರುತು, ಕಾರ್ಬನ್ ಇಟ್ಟು ಬರೆದ ಚೀಟಿ. ‘ಹಿಂದಿನ ಸೀಟು ಬೇಡ ಮಾರಾಯ್ರೆ’ ಅಂದರೆ ಎಲ್ಲಿಗೋ ಫೋನ್ ಮಾಡಿ ಹೊಂದಿಸಿ ಕೊಡುತ್ತಿದ್ದರು. ಬಟ್ಟೆ ‘ಹೊಲಿಸಿದೆ’ ಅಂದಾಗ ಟೈಲರ್ ಇರುವ ಹಾಗೆ, ‘ಮಾಡಿಸಿದೆ’ ಎಂಬುದರ ‘ಇಸು’ ಒಳಗೇ ಏಜೆಂಟರು ಕೂತಿದ್ದರು.

ಈಗ ಜಾಸ್ತಿ ಕಿವಿಗೆ ಬೀಳುವುದು ‘ಆ್ಯಪಲ್ಲಿ ಬುಕ್ ಮಾಡಿದೆ’. ‘ಇಸು’ ಬಿದ್ದುಹೋಗಿದೆ. ಹಾಗಂತ ನಡುವಿನವರು ಹೋದರಾ? ರೆಡ್‌ಬಸ್ 2006ರಲ್ಲಿ ಬೆಂಗಳೂರಲ್ಲಿ ಶುರುವಾದದ್ದೇ ಆ ಚಾರ್ಟನ್ನು ಕಂಪ್ಯೂಟರಿಗೆ ತರಲು. ಬಸ್ಸು ಬೇರೆಯವರದ್ದು, ಕಮಿಷನ್ ಇವರಿಗೆ. ಐಆರ್‌ಸಿಟಿಸಿಯಲ್ಲಂತೂ ಹೆಸರು, ವಯಸ್ಸು, ಬರ್ತ್ ಎಲ್ಲ ನಾವೇ ತುಂಬಿಸಬೇಕು. ಆಮೇಲೆ ‘ಅನುಕೂಲ ಶುಲ್ಕ’ ಅಂತ ಯುಪಿಐಯಲ್ಲಿ ಕೊಟ್ಟರೂ ಸ್ಲೀಪರಿಗೆ 10, ಎಸಿಗೆ 20 ರೂಪಾಯಿ, ಜಿಎಸ್‌ಟಿ ಬೇರೆ. ಅನುಕೂಲ ಯಾರಿಗೋ!

ವಿಭಕ್ತಿಯನ್ನೂ ನೋಡಿ. ಏಜೆಂಟರ ‘ಹತ್ತಿರ’ ಮಾಡಿಸುತ್ತೇವೆ, ಆ್ಯಪ‘ಲ್ಲಿ’ ಮಾಡುತ್ತೇವೆ. ಆ್ಯಪ್ ನಮಗೆ ಜನ ಅಲ್ಲ, ಒಂದು ಜಾಗ. ಜಾಗಕ್ಕೆ ಕೆಲಸ ಹೇಳಲಿಕ್ಕೆ ಬರುವುದಿಲ್ಲ ಅಲ್ವಾ? ‘ಇಸು’ ಬಿದ್ದದ್ದು ಇದರಿಂದಲೇ ಅಂತ ನನ್ನ ಅಂದಾಜು.

ಹಿರಿಯರು ಮಾತ್ರ ಈಗಲೂ ‘ಮೊಮ್ಮಗನ ಹತ್ತಿರ ಮಾಡಿಸಿದೆ’ ಎನ್ನುತ್ತಾರೆ. ತತ್ಕಾಲ್ ಶುರುವಾದ ಮೊದಲ ಅರ್ಧ ಗಂಟೆ ಏಜೆಂಟರು ಟಿಕೆಟ್ ತೆಗೆಯುವಂತಿಲ್ಲ ಅಂತ 2025ರ ಜುಲೈಯಲ್ಲಿ ರೈಲ್ವೆಯವರು ನಿಯಮ ತಂದರು. ಈಗ ಬೆಳಿಗ್ಗೆ 10 ಗಂಟೆಗೆ ಮೊಬೈಲ್ ಹಿಡಿದು ಕೂರುವ ಮೊಮ್ಮಗನೇ ಏಜೆಂಟ್. ಅವನಿಗೆ ಕಮಿಷನ್ ಇಲ್ಲ, ಬೈಗುಳ ಉಂಟು.

ಪತ್ರಿಕೆಗಳ ‘ಕಾಯ್ದಿರಿಸು’ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ‘ಇರಿಸು’ ಅದರಲ್ಲಿ ಮೊದಲೇ ಇದೆ. ಬೇರೆಯವರಿಂದ ಮಾಡಿಸಿದ್ದು ಅಂತ ತೋರಿಸಲು ‘ಕಾಯ್ದಿರಿಸಿಸು’ ಅನ್ನಲಾಗುತ್ತದೆಯೇ? ನಾಲಿಗೆ ತಿರುಗಬೇಕಲ್ಲ.

ನನ್ನ ಪ್ರಶ್ನೆ ಇಷ್ಟು. ಐಆರ್‌ಸಿಟಿಸಿಯ ಆಸ್ಕ್‌ದಿಶಾ ಥರದ ಚಾಟ್‌ಬಾಟಿಗೆ ಬಾಯಲ್ಲಿ ಹೇಳಿಯೂ ಟಿಕೆಟ್ ತೆಗೆಯಬಹುದು. ಅಂದರೆ ಕೆಲಸ ಹೇಳುವುದು ಮತ್ತೆ ಬಂತು. ಹಾಗೆ ತೆಗೆದವರು ‘ದಿಶಾಳ ಹತ್ತಿರ ಮಾಡಿಸಿದೆ’ ಅಂದದ್ದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅದೂ ಬರೀ ‘ಅಲ್ಲಿ’ಯೇ? ತುಳುವಿನಲ್ಲಿ ‘ಮಲ್ಪುನಿ’ (ಮಾಡುವುದು), ‘ಮಲ್ಪಾವುನಿ’ (ಮಾಡಿಸುವುದು) ಬೇರೆ ಬೇರೆ ಇವೆ. ಮನೆಯಲ್ಲಿ ತುಳು ಆಡುವವರು ಆ್ಯಪಿಗೆ ಯಾವುದನ್ನು ಹೇಳುತ್ತೀರಿ? ಧಾರವಾಡ, ಮೈಸೂರು ಕಡೆಯವರೂ ಬರೆಯಿರಿ. ಅಲ್ಲಿ ‘ಟಿಕೆಟ್ ತೆಗೆಸು’ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ.