ಪುಣೆ: ಓನರ್ ನೀರಿನ ವಾಲ್ವ್ ಬಂದ್ ಮಾಡ್ಯಾರ, ಖಾಲಿ ಮಾಡಬೇಕೇನ್ರಿ?

ಹಡಪಸರ_ಬಿಜಾಪುರಿ:
ನಮಸ್ಕಾರ್ರಿ. ಹಡಪಸರದಾಗ ವನ್ ಬಿಎಚ್‌ಕೆ ತಗೊಂಡು ಐದು ತಿಂಗಳಾತು, ಲೀವ್ ಅಂಡ್ ಲೈಸೆನ್ಸ್ (ಇರಾಕ ಬರೇ ಪರವಾನಗಿ ಕೊಡೋ) ಅಗ್ರಿಮೆಂಟ್ 11 ತಿಂಗಳದ್ದು, ಡಿಪಾಸಿಟ್ 50,000. ಈಗ ಓನರ್ ಮಗಳ ಮದುವಿ ಐತಿ, ತಿಂಗಳೊಳಗ ಖಾಲಿ ಮಾಡ್ರಿ ಅಂತಾರ. ಮಗನ ಶಾಲಿ ನಡದೈತಿ, ಹೆಂಗ ಹೋಗೂದ್ರಿ ಅಂದಿದ್ದಕ್ಕ ಸೋಮವಾರ ಟೆರೇಸಿಗೆ ಹೋಗಿ ನಮ್ಮ ಲೈನಿನ ವಾಲ್ವ್ ಬಂದ್ ಮಾಡಿ ಅದರ ಹ್ಯಾಂಡಲ್ ಸುದ್ದಾ ಬಿಚ್ಕೊಂಡು ಹೋಗ್ಯಾರ. ಬಾಜೂ ಮನಿ ಆಜಿ ಕೊಡೋ ಎರಡು ಕೊಡದಾಗ ದಿನಾ ನಡಸಾಕತ್ತೇವಿ. ಅಗ್ರಿಮೆಂಟ್ ಬರೇ ನೋಟರಿ, ರಿಜಿಸ್ಟ್ರೇಶನ್ ಖರ್ಚು ಯಾಕ ಅಂದಿದ್ರು ಅವರ.

ಮುಲುಂಡ್_ಮಾಣಿ:
ಮಹಾರಾಷ್ಟ್ರದ ರೆಂಟ್ ಕಂಟ್ರೋಲ್ ಆ್ಯಕ್ಟ್ 1999, ಸೆಕ್ಷನ್ 29 ನೋಡಿ ಮಾರಾಯ್ರೆ, ಸರಿಯಾದ ಕಾರಣ ಇಲ್ದೆ ನೀರು ಕರೆಂಟ್ ತೆಗೆಯುವ ಹಾಗಿಲ್ಲ. ಆದ್ರೆ ಅಲ್ಲಿ ಬರ್ದಿರುವುದು ಟೆನೆಂಟ್ (ಬಾಡಿಗೆದಾರ) ಅಂತ, ನಿಮ್ಮ ಕಾಗದದಲ್ಲಿ ಲೈಸೆನ್ಸಿ (ಪರವಾನಗಿ ಮೇಲೆ ಇರುವವ) ಅಂತ, ಅವರ ವಕೀಲ ಮೊದ್ಲು ಹಿಡಿಯುವುದೇ ಇದನ್ನು. ನಿಮಗೆ ಗಟ್ಟಿ ಇರುವುದು ಸೆಕ್ಷನ್ 55. ರಿಜಿಸ್ಟರ್ ಮಾಡಿಸುವ ಜವಾಬ್ದಾರಿ ಓನರಿಂದು, ಮಾಡದಿದ್ರೆ ಮೂರು ತಿಂಗಳವರೆಗೆ ಜೈಲು ಇಲ್ಲಾ 5,000ದವರೆಗೆ ದಂಡ, ಮತ್ತೆ ಷರತ್ತಿನ ಬಗ್ಗೆ ಜಗಳ ಬಂದ್ರೆ ಅವರು ಬೇರೆ ಅಂತ ಪ್ರೂವ್ ಮಾಡುವವರೆಗೆ ನಿಮ್ಮ ಮಾತೇ ನಡೀತದೆ. ಆ ವಾಲ್ವಿನ ಫೋಟೋ ತೆಗೆದಿಡಿ.

ಡೊಂಬಿವಲಿ_ಮಾವ:
ನಾನೂ ಒಬ್ಬ ಓನರೇ, ನೀರು ಬಂದ್ ಮಾಡಿದ್ದು ಹಲ್ಕಾ ಕೆಲಸ. ಆದ್ರೆ ಅಗ್ರಿಮೆಂಟಲ್ಲಿ ನೋಟಿಸ್ ಪೀರಿಯಡ್ ಎಷ್ಟಿದೆ ಅಂತ ಯಾರೂ ಕೇಳ್ಲೇ ಇಲ್ವಲ್ರೀ! ಇನ್ನೊಂದು, 11 ತಿಂಗಳು ಮುಗಿದ ಮೇಲೆ ಮಾತ್ರ ಕೂರಬೇಡಿ. ನನ್ನ ಫ್ಲ್ಯಾಟಲ್ಲಿ ಒಬ್ರು ಹಾಗೆ ಕೂತ್ರು, ನಂದು ರಿಜಿಸ್ಟರ್ಡ್ ಇತ್ತು, ಸೆಕ್ಷನ್ 24ರಲ್ಲಿ ಕಾಂಪಿಟೆಂಟ್ ಅಥಾರಿಟಿ (ಇಂಥ ಕೇಸ್ ನೋಡೋ ಸರ್ಕಾರಿ ಅಧಿಕಾರಿ) ಹತ್ರ ಹೋದೆ, ಸಮನ್ಸ್ ಬಂದ 30 ದಿನದಲ್ಲಿ ಅಫಿಡವಿಟ್ ಹಾಕಿ ಪರ್ಮಿಷನ್ ತಗೊಂಡ್ರೆ ಮಾತ್ರ ವಾದ ಮಾಡ್ಬಹುದು, ಅವ್ರು ಹಾಕ್ಲಿಲ್ಲ, ಖಾಲಿ ಮಾಡೋ ಆರ್ಡರ್ ಆಯ್ತು, ಮೇಲೆ ಡಬಲ್ ಬಾಡಿಗೆ ಲೆಕ್ಕದಲ್ಲಿ ಡ್ಯಾಮೇಜಸ್. ಈ ತಿಂಗಳ ಬಾಡಿಗೆನೂ ನಿಲ್ಲಿಸ್ಬೇಡಿ, ಬ್ಯಾಂಕಲ್ಲೇ ಹಾಕಿ.

ಹಡಪಸರ_ಬಿಜಾಪುರಿ:
ಮಾವಾರ, ಕಾಗದ ತಗದು ನೋಡಿದೆ, ಒಂದು ತಿಂಗಳ ನೋಟಿಸ್ ಬರವಣಿಗಿಯೊಳಗ ಕೊಡಬೇಕು ಅಂತ ಐತಿ, ಅವರು ಬರೇ ಬಾಯಿಮಾತಿಲೆ ಹೇಳ್ಯಾರ. ಬರದು ಕೊಡ್ರಿ, ಅವತ್ತಿಂದ ತಿಂಗಳು ಎಣಸ್ತೇನಿ, ಕೀಲಿ ಕೊಡೋ ದಿನಾನ ಡಿಪಾಸಿಟ್ ಕೊಡಬೇಕು ಅಂತ ಫೋಟೋ ಸಮೇತ ವಾಟ್ಸಾಪ್ ಹಾಕಿದೆ. ಬ್ಲೂ ಟಿಕ್ ಬಂದೈತಿ, ಉತ್ತರ ಇಲ್ಲ. ಸಂಜಿಕ ವಾಚ್‌ಮನ್ ಬಂದು ಪೇಪರಿನ್ಯಾಗ ಸುತ್ತಿದ ಹ್ಯಾಂಡಲ್ ಕೊಟ್ಟು ಹೋದ.