ಎಕ್ಸ್‌ಪಲ್ಸ್‌ನ ಹಿಂದಿನ ಚಕ್ರಕ್ಕೆ 150 ಹಾಕಲೇಬೇಕಾ? (ರೋಡಿಗೆ ಸೂಪರ್‌ಮೋಟೋ, ಕಲಬುರಗಿ)

ಧೂಳು_32

ನಮಸ್ಕಾರ ಎಲ್ಲರಿಗೂ. ನನ್ನದು ಹೀರೋ ಎಕ್ಸ್‌ಪಲ್ಸ್ 200 4ವಿ, ಕಚ್ಚಾ ರಸ್ತೆಗೂ ನಡೆಯುವ ಬೈಕು. ತಗೊಂಡಾಗ ವಾರಕ್ಕೊಮ್ಮೆ ಚಿಂಚೋಳಿ ಕಾಡಿನ ಕಡೆ ಹೋಗಬೇಕು, ಚಂದ್ರಂಪಳ್ಳಿ ಡ್ಯಾಮ್ ಹತ್ತಿರ ಕೂತು ಬುತ್ತಿ ಬಿಚ್ಚಬೇಕು ಅಂತ ದೊಡ್ಡ ಕನಸಿತ್ತು. ಹೋಗಿದ್ದು ಒಟ್ಟು ಮೂರು ಸಲ. ಉಳಿದಿದ್ದೆಲ್ಲ ಸೂಪರ್ ಮಾರ್ಕೆಟ್, ರಿಂಗ್ ರೋಡ್, ಸೇಡಂ ರೋಡ್, ತಿಂಗಳಿಗೊಮ್ಮೆ ಹುಮನಾಬಾದ್ ಮೇಲೆ ಬೀದರ್. ಡಾಂಬರಿನ ಮೇಲೆ ಆ 21 ಇಂಚಿನ ಸಣಕಲು ಮುಂದಿನ ಚಕ್ರ ಇಟ್ಟುಕೊಂಡು ಏನು ಮಾಡಲಿ? ಅದಕ್ಕೆ ಎರಡೂ ಕಡೆ 17 ಇಂಚು ಮಾಡಿಸಿ ಸೂಪರ್‌ಮೋಟೋ (ಕಚ್ಚಾ ರಸ್ತೆಯ ಬೈಕಿಗೆ ಡಾಂಬರಿನ ಚಕ್ರ) ಮಾಡೋಣ ಅಂತ.

ಮುಂದೆ 110/70-17 (ಟೈರಿನ ಅಗಲ 110 ಮಿಮೀ, ಪಕ್ಕದ ಗೋಡೆಯ ಎತ್ತರ ಆ ಅಗಲದ 70%, ರಿಮ್ 17 ಇಂಚು) ಅಂತ ಹೆಚ್ಚು ಕಡಿಮೆ ನಿರ್ಧಾರ ಆಗಿದೆ. ತಲೆನೋವು ಹಿಂದಿನದು. ಈಗ ಕಂಪನಿಯದು 120/80-18 ಇದೆ. ನನ್ನ ಆಸೆ 150/60-17, ಕೆಟಿಎಂ ಡ್ಯೂಕ್‌ದು ಇದ್ದ ಹಾಗೆ. ಒಬ್ಬ ಟೈರ್ ಅಂಗಡಿಯವರು "ರಿಮ್ ಯಾವುದೇ ಇರಲಿ, ಹವಾ ಹೊಡೆದರೆ ತಾನೇ ಕೂತುಕೊಳ್ಳುತ್ತೆ" ಅಂದರು. ಇನ್ನೊಬ್ಬರು 4.25 ಇಂಚು ಅಗಲದ ರಿಮ್ ಇಲ್ಲದೆ 150 ಮುಟ್ಟಲೇಬೇಡ ಅಂದರು. ನನಗೆ 3.00, 3.50 ಮತ್ತು 4.25 ಮೂರೂ ಅಗಲದ ಅಲ್ಯೂಮಿನಿಯಂ ರಿಮ್ ತರಿಸಿ ಕೊಡುವವರಿದ್ದಾರೆ. ಯಾವುದು ತಗೊಳ್ಳಲಿ? ದಯವಿಟ್ಟು "ಗಾಡಿ ಮಾರಿ ಬೇರೆ ತಗೋ" ಅನ್ನಬೇಡಿ, ಅದನ್ನು ಮನೆಯಲ್ಲಿ ದಿನಾ ಕೇಳುತ್ತಿದ್ದೇನೆ.

ಎರೆಮಣ್ಣು

ತಮ್ಮಾ, ಆ ಮೊದಲನೇ ಅಂಗಡಿಯವರ ಮಾತು ಕೇಳಿ ನಾನು ಒಮ್ಮೆ ಅನುಭವಿಸಿದ್ದೇನೆ. ನನ್ನ ಹತ್ತಿರ ಹಳೇ ಹೀರೋ ಇಂಪಲ್ಸ್ ಇತ್ತು. ಅದಕ್ಕೆ ಮುಂದೆ 19, ಹಿಂದೆ ಮೊದಲಿನಿಂದಲೂ 17 ಇಂಚು, 110/90. ರಿಮ್ ಬದಲಿಸುವ ಖರ್ಚು ಯಾಕೆ ಅಂತ ಅದೇ ಸಣ್ಣ ರಿಮ್‌ಗೆ 130/70-17 ತುರುಕಿಸಿದೆ. ಕೂತಿತು, ಇಲ್ಲ ಅನ್ನಲ್ಲ. ಆದರೆ ಹಿಂದಿನಿಂದ ಬಗ್ಗಿ ನೋಡಿದರೆ ಟೈರು ಕಡುಬಿನ ಹಾಗೆ ನಡುವೆ ಉಬ್ಬಿಕೊಂಡು, ಎರಡು ಕಡೆ ಒಳಗೆ ಎಳೆದುಕೊಂಡು ನಿಂತಿತ್ತು. ನೇರ ಹೋಗುವಾಗ ನೆಲ ಮುಟ್ಟುತ್ತಿದ್ದದ್ದು ನಡುವಿನ ಎರಡು ಬೆರಳಗಲ ಮಾತ್ರ. ನಾಲ್ಕು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡು ಸವೆದು ಬೋಳು, ಪಕ್ಕದಲ್ಲಿ ಹೊಸ ಟೈರಿನ ರಬ್ಬರ್ ಕೂದಲು ಹಾಗೇ ಇದ್ದವು. ತಿರುವಿನಲ್ಲಿ ಮಲಗಿಸಿದರೆ ಒಂದು ಹಂತದ ತನಕ ಏನೂ ಇಲ್ಲ, ಆಮೇಲೆ ಧುಪ್ ಅಂತ ಬೀಳುವ ಹಾಗೆ. ಬೀಳಲಿಲ್ಲ, ಆದರೆ ಪ್ರತಿ ಸಲ ಎದೆ ಝಲ್ ಅನ್ನುತ್ತಿತ್ತು.

ಟೈರಿನ ಅಗಲ ಆಮೇಲೆ. ಮೊದಲು ರಿಮ್ ಅಗಲ ನೋಡಿ. 130/70-17ಕ್ಕೆ 3.00ರಿಂದ 4.00 ತನಕ ನಡೆಯುತ್ತದೆ, ಹೇಳಿ ಮಾಡಿಸಿದ ಅಳತೆ 3.50. 140/70ಕ್ಕೆ 4.00 ಚೆಂದ, 3.50 ಆದರೂ ಪರವಾಗಿಲ್ಲ. 150/60ಕ್ಕೆ 4.00 ಅಥವಾ 4.25 ಬೇಕು. 160/60 ಅಂದರೆ 4.50, ಅದು ನಮ್ಮ ನಿಮ್ಮ ಗಾಡಿಯ ಮಾತಲ್ಲ. ಉಲ್ಟಾ ಮಾಡಿದರೂ ಕಷ್ಟ. ಅಗಲ ರಿಮ್‌ಗೆ ಸಣ್ಣ ಟೈರ್ ಹಾಕಿದರೆ ಮೇಲ್ಮೈ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಆಗುತ್ತದೆ, ಗಾಡಿ ಮಲಗುವುದಕ್ಕೇ ಒಪ್ಪುವುದಿಲ್ಲ.

ಇನ್ನೊಂದು. ಟೈರ್ ಮೇಲೆ 130 ಅಂತ ಬರೆದಿದ್ದರೂ ಅದು ರಿಮ್ ನೋಡಿಕೊಂಡು ಹಿಗ್ಗುತ್ತೆ, ಕುಗ್ಗುತ್ತೆ. ರಿಮ್ ಅರ್ಧ ಇಂಚು ಅಗಲ ಆದರೆ ಟೈರು ಸುಮಾರು 5 ಮಿಮೀ ಅಗಲ ಆಗುತ್ತದೆ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ಕವಲು) ಒಳಗೆ ಜಾಗ ಅಳೆಯುವಾಗ ಇದು ನೆನಪಿರಲಿ.

ಧೂಳು_32

ಅಣ್ಣಾ ತುಂಬಾ ಥ್ಯಾಂಕ್ಸ್. ಆದರೆ ಒಂದು ಡೌಟು. ಡ್ಯೂಕ್ 200ಗೂ 150/60 ಇದೆ ಅಲ್ವಾ? ಅದೇನು ದೊಡ್ಡ ಎಂಜಿನ್ ಅಲ್ಲ.

ಎರೆಮಣ್ಣು

ಇದೆ. ಆದರೆ ಅದರ ರಿಮ್, ಸ್ವಿಂಗ್‌ಆರ್ಮ್, ಚೈನ್ ಹೋಗುವ ಸಾಲು ಎಲ್ಲ ಆ ಅಗಲಕ್ಕೇ ಮಾಡಿದ್ದು. ಶಕ್ತಿನೂ 25 ಪಿಎಸ್ ಆಸುಪಾಸು, ನಿಮ್ಮದು 19. ನಿಮ್ಮ ಎಂಜಿನ್ ಆ ಭಾರದ ಟೈರು, 4.25 ರಿಮ್ ಎರಡನ್ನೂ ತಿರುಗಿಸುವುದರಲ್ಲೇ ಸುಸ್ತಾಗುತ್ತದೆ. ಸೂಪರ್‌ಮೋಟೋ ಅಂದರೆ ಅಗಲ ಟೈರು ಅಂತ ಇನ್‌ಸ್ಟಾ ನೋಡಿ ನಾವೆಲ್ಲ ಅಂದುಕೊಂಡಿದ್ದೇವೆ. 1979ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಟಿವಿಗೋಸ್ಕರ ಡಾಂಬರು, ಮಣ್ಣು ಎರಡೂ ಸೇರಿಸಿ ರೇಸ್ ನಡೆಸಿದರು, ಈ ಆಟ ಬೆಳೆದದ್ದು ಅಲ್ಲಿಂದ. ಈಗ ರೇಸಿನವರು ಹಿಂದೆ 5 ಇಂಚಿನ ರಿಮ್, ಸ್ಲಿಕ್ (ಗೆರೆಯಿಲ್ಲದ ನುಣುಪು) ಟೈರ್ ಹಾಕುತ್ತಾರೆ, ಸರಿ. ಆದರೆ ಸುಜುಕಿ ಡಿಆರ್‌ಝಡ್ 400 ಎಸ್‌ಎಂ ಕಂಪನಿಯಿಂದಲೇ ಬಂದ ಸೂಪರ್‌ಮೋಟೋ, ಅದಕ್ಕೆ ಹಿಂದೆ ಇದ್ದದ್ದು 140/70-17. 400 ಸಿಸಿಗೆ 140 ಸಾಕಾಗಿತ್ತು, ನಮ್ಮ 200ಗೆ 150 ಯಾಕೆ?

ಕಡ್ಡಿ_ಕಟ್ಟುವವ_ಬೀದರ್

ನಾನು ರಿಮ್ ಕಟ್ಟುವ ಕೆಲಸ ಮಾಡುತ್ತೇನೆ, ಅದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಟೈರ್ ಅಗಲದ ಜಗಳದಲ್ಲಿ ಎತ್ತರದ ಲೆಕ್ಕ ಎಲ್ಲರೂ ಮರೆಯುತ್ತಾರೆ. ನಿಮ್ಮ ಮುಂದಿನ 90/90-21 ಟೈರಿನ ಒಟ್ಟು ಎತ್ತರ 695 ಮಿಮೀ. 110/70-17 ಹಾಕಿದರೆ 586. ಅಂದರೆ ಆಕ್ಸಲ್ 55 ಮಿಮೀ ಕೆಳಗೆ ಬರುತ್ತದೆ. ಹಿಂದೆ 120/80-18 ಎತ್ತರ 649, 130/70-17 ಹಾಕಿದರೆ 614, ಇಳಿಯುವುದು 18 ಮಿಮೀ ಮಾತ್ರ. ಮುಂದೆ 55, ಹಿಂದೆ 18. ಗಾಡಿ ಮೂಗು ತಗ್ಗಿಸಿಕೊಂಡು ನಿಲ್ಲುತ್ತದೆ, ನೆಲ ಮೂಸುವ ನಾಯಿ ಹಾಗೆ. ಸುಮಾರು ಒಂದೂವರೆ ಡಿಗ್ರಿ ಹ್ಯಾಂಡಲ್ ಕೋನ ಕಡಿದಾಗುತ್ತದೆ. ಸಿಟಿಯಲ್ಲಿ ಮಜಾ, ಸರಕ್ ಅಂತ ತಿರುಗುತ್ತೆ. ಹುಮನಾಬಾದ್ ರಸ್ತೆಯಲ್ಲಿ 90ರಲ್ಲಿ ಹೋಗುವಾಗ ಪಕ್ಕದಲ್ಲಿ ಲಾರಿ ದಾಟಿದರೆ ಹ್ಯಾಂಡಲ್ ಚಂಚಲ ಆಗುತ್ತೆ.

ಈಗ ಹಿಂದೆ 140/70 ಹಾಕಿದಿರಿ ಅಂದುಕೊಳ್ಳಿ. ಅದರ ಎತ್ತರ 628. ಹಿಂದೆ ಇಳಿದದ್ದು ಬರೀ 11 ಮಿಮೀ. ಮೂಗು ಇನ್ನೂ ತಗ್ಗುತ್ತದೆ. ಅದಕ್ಕೇ ನಾನು ಹಿಂದೆ ಗಿಡ್ಡ ಟೈರಿನ ಪರ. 130/70, ಇಲ್ಲ 150/60, ಎತ್ತರದಲ್ಲಿ ಇವೆರಡಕ್ಕೂ 2 ಮಿಮೀ ವ್ಯತ್ಯಾಸ ಅಷ್ಟೇ. ಇವೆರಡರಲ್ಲಿ ನಿಮ್ಮ ಗಾಡಿಗೆ 130. ಮುಂದೆ 110/70 ಬದಲು 120/70-17 ಹಾಕಿದರೆ 7 ಮಿಮೀ ವಾಪಸ್ ಸಿಗುತ್ತೆ, ಆದರೆ ಅದಕ್ಕೆ 3.50 ರಿಮ್ ಬೇಕು, ಫೋರ್ಕ್ ನಡುವೆ ಜಾಗನೂ ನೋಡಬೇಕು. ಫೋರ್ಕ್ ಪೈಪು ಮೇಲಿನ ಕ್ಲಾಂಪ್‌ಗಿಂತ ಎಷ್ಟು ಮೇಲೆ ಬಂದಿದೆ ನೋಡಿ, ಬಂದಿದ್ದರೆ ಅಷ್ಟು ಕೆಳಗೆ ಇಳಿಸಿ ಮೂಗು ಎತ್ತಬಹುದು. ಸಮ ಇದ್ದರೆ ಕೈ ಹಚ್ಚಬೇಡಿ.

ಕಟ್ಟುವ ವಿಷಯ. ನಿಮ್ಮ ಹಬ್‌ನ (ಚಕ್ರದ ನಡುಭಾಗ) ಕಡ್ಡಿ, ಅಂದರೆ ಸ್ಪೋಕ್, ಕೂರುವ ತೂತು ಎಣಿಸಿ, ರಿಮ್ ತರಿಸುವ ಮೊದಲು. ಹಬ್ ಅದೇ ಉಳಿಸಿಕೊಂಡರೆ ಡಿಸ್ಕ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ರಿಂಗ್, ಆಕ್ಸಲ್ ಯಾವುದೂ ಬದಲಾಗಲ್ಲ, ಅದೇ ದೊಡ್ಡ ಲಾಭ. ಹಳೇ ಕಡ್ಡಿ ಬರಲ್ಲ, 18ರಿಂದ 17ಕ್ಕೆ ಇಳಿದಾಗ ಉದ್ದ ಕಡಿಮೆ ಆಗಬೇಕು, ಮುಂದೆ 21ರಿಂದ 17 ಅಂದರಂತೂ ತುಂಬಾ ಗಿಡ್ಡ. "ಹಳೇದನ್ನೇ ಕತ್ತರಿಸಿ ಥ್ರೆಡ್ ಹಾಕಿ ಕೊಡುತ್ತೇವೆ" ಅನ್ನುವವರು ಸಿಗುತ್ತಾರೆ. ಕಡ್ಡಿಯ ಥ್ರೆಡ್ ಒತ್ತಿ ಮಾಡಿದ್ದಾಗಿರಬೇಕು, ಕೊರೆದು ಮಾಡಿದ್ದು ಅಲ್ಲೇ ಮುರಿಯುತ್ತೆ. ಹೊಸ ಸ್ಟೀಲ್ ಕಡ್ಡಿ ಮಾಡಿಸಿ. ಬಿಚ್ಚುವ ಮೊದಲು ಹಳೇ ರಿಮ್ ಹಬ್‌ನಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಸ್ಕೇಲ್ ಇಟ್ಟು ಬರೆದುಕೊಳ್ಳಿ, ಇಲ್ಲದಿದ್ದರೆ ಹೊಸ ರಿಮ್ ಚೈನ್ ಕಡೆ ಸರಿದು ಕೂರುತ್ತೆ. ಕಟ್ಟಿದ ಮೇಲೆ 100 ಕಿಲೋಮೀಟರ್ ಓಡಿಸಿ ತಂದು ಮತ್ತೆ ಬೆಂಡ್ ನೋಡಿಸಿ. ಕಡ್ಡಿಯನ್ನು ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ತಟ್ಟಿದರೆ ಟಿಣ್ ಅನ್ನಬೇಕು. ಟಪ್ ಅಂದಿದ್ದು ಸಡಿಲ.

ಭೀಮಾ_ತೀರ

ಯಾದಗಿರಿಯಿಂದ. ಎಲ್ಲರೂ ಇಷ್ಟು ಖರ್ಚಿನ ಮಾತಾಡುತ್ತಿದ್ದೀರಿ, ಒಂದು ಬಡವರ ದಾರಿ ಹೇಳಲಾ? ಹಿಂದಿನ 18 ಇಂಚು ಹಾಗೇ ಬಿಡಿ. 2021ರ ನಂತರದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹಿಂದಿನ ಟೈರು ಕೂಡ 120/80-18. ಅಂದರೆ ನಿಮ್ಮ ಅಳತೆಯ ಪಕ್ಕಾ ರೋಡ್ ಟೈರು ಯಾವ ಊರಲ್ಲೂ ಸಿಗುತ್ತೆ. ಕಚ್ಚಾ ರಸ್ತೆಯ ಗಂಟು ಗಂಟಾದ ಟೈರು ತೆಗೆದು ಅದನ್ನು ಹಾಕಿದ ದಿನವೇ ಅರ್ಧ ಸಮಸ್ಯೆ ಹೋಗುತ್ತೆ.

ಮತ್ತೆ ನಮ್ಮ ರಸ್ತೆ ಮರೆಯಬೇಡಿ. ಎರೆಮಣ್ಣಿನ ಮೇಲೆ ಹಾಕಿದ ಡಾಂಬರು. ಮಳೆಗಾಲದಲ್ಲಿ ಮಣ್ಣು ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಮೇಲಿನ ರಸ್ತೆ ಒಗೆದು ಹಾಕಿದ ಚಾದರದ ಹಾಗೆ ಏರಿಳಿತ ಆಗುತ್ತೆ. 21 ಇಂಚು ಅದನ್ನು ಸುಮ್ನೆ ದಾಟುತ್ತಿತ್ತು. 17 ಇಂಚು, 60-70 ಪ್ರೊಫೈಲ್ ಟೈರು ಗುಂಡಿಗೆ ಬಿದ್ದರೆ ರಿಮ್‌ಗೇ ಏಟು. ಅಲ್ಯೂಮಿನಿಯಂ ರಿಮ್ ಬೆಂಡ್ ಆದರೆ ಯಾರನ್ನು ಕೇಳುತ್ತೀರಿ? ಗ್ರೌಂಡ್ ಕ್ಲಿಯರೆನ್ಸ್ ಕೂಡ 220 ಇದ್ದದ್ದು 180ರ ಆಸುಪಾಸಿಗೆ ಬರುತ್ತೆ.

ಎರೆಮಣ್ಣು

ಭೀಮಾ_ತೀರ ಅವರ ಮಾತು ಪೂರ್ತಿ ತಪ್ಪಲ್ಲ, ಆದರೆ ಹಿಂದೆ ರೋಡ್ ಟೈರು, ಮುಂದೆ ಅದೇ 21 ಅಂದರೆ ಧೂಳು_32 ತಕರಾರು ಇದ್ದದ್ದೇ ಮುಂದಿನದರ ಮೇಲೆ ಅಲ್ವಾ. 21 ಇಂಚಿಗೆ ಒಳ್ಳೆ ರೋಡ್ ಟೈರು ಹುಡುಕೋದು ಕಷ್ಟ. ಗುಂಡಿಯ ಮಾತು ಮಾತ್ರ ನಿಜ, ಅದಕ್ಕೆ ಸೈಡು ಎತ್ತರ ಇರುವ 130/70 ಮೇಲು. 140/60 ಬೇಡ, ಅದು 84 ಮಿಮೀ ಗೋಡೆ, 130/70ದು 91.

ಟೈರು ಸಿಗುವ ಮಾತು ಬಂದರೆ 130/70-17 ಪಲ್ಸರ್ ಎನ್‌ಎಸ್ 200ಗೂ ಅದೇ, ಅಪಾಚೆ 200ಗೂ ಅದೇ. ರಾತ್ರಿ ಜೇವರ್ಗಿಯಲ್ಲಿ ಟೈರು ಹರಿದರೂ ಬೆಳಿಗ್ಗೆ ಯಾರಾದರೂ ಒಂದು ಕೊಡುತ್ತಾರೆ. ತಗೊಳ್ಳುವಾಗ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ನೋಡಿ. 1023 ಅಂದರೆ 2023ರ ಹತ್ತನೇ ವಾರ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅಂಗಡಿ ಮುಂದೆ ತೂಗು ಹಾಕಿದ ಟೈರು ಎಷ್ಟು ವರ್ಷದ್ದೋ ದೇವರಿಗೇ ಗೊತ್ತು.

ಧೂಳು_32

ನಿನ್ನೆ ಸಂಜೆ ಗಾಡಿ ಸೆಂಟರ್ ಸ್ಟ್ಯಾಂಡ್ ಇಲ್ಲದೆ ಕಲ್ಲು ಕೊಟ್ಟು ನಿಲ್ಲಿಸಿ ಒಂದು ಕೆಲಸ ಮಾಡಿದೆ. ತಂಗಿಯ ನೋಟ್‌ಬುಕ್ ಬಾಕ್ಸಿನ ರಟ್ಟು ತಗೊಂಡು 130, 140, 150 ಮಿಮೀ ಅಗಲದ ಮೂರು ಪಟ್ಟಿ ಕತ್ತರಿಸಿ, ನಡುವೆ ಗೆರೆ ಎಳೆದು, ಹಳೇ ಟೈರಿನ ನಡುಗೆರೆಗೆ ಹೊಂದಿಸಿ ಸ್ವಿಂಗ್‌ಆರ್ಮ್ ಒಳಗೆ ತೂರಿಸಿ ನೋಡಿದೆ. 150 ಚೈನಿಗೆ ಬಡಿದು ಮಡಚಿಕೊಂಡಿತು. 140 ಹೋಯಿತು, ಆದರೆ ರಟ್ಟಿಗೂ ಚೈನಿಗೂ ನಡುವೆ ಪೆನ್ಸಿಲ್ ಕೂಡ ಹಿಡಿಸಲಿಲ್ಲ. ಚೈನ್ ಒದರಾಡುತ್ತೆ, ಟೈರು ಬಿಸಿಯಾಗಿ ಹಿಗ್ಗುತ್ತೆ, ಅದಕ್ಕೆ ಬೇಡ ಅನ್ನಿಸಿತು. 130 ಆರಾಮ. ಅಂಗಡಿಯವರ ಮಾತಿಗೆ ಹತ್ತು ರೂಪಾಯಿ ರಟ್ಟು ಉತ್ತರ ಕೊಟ್ಟಿತು.

ಹಾಗಾಗಿ ಹಿಂದೆ 3.50 ರಿಮ್, 130/70. ಅಲ್ಲ, ರಿಮ್ 3.00 ಇಡಲಾ?

ಕಡ್ಡಿ_ಕಟ್ಟುವವ_ಬೀದರ್

3.00. ಹೇಳಿ ಮಾಡಿಸಿದ ಅಳತೆ 3.50 ಹೌದು, ಆದರೆ ನಿಮಗೆ ಚೈನ್ ಕಡೆ ಜಾಗ ಬೇಕು, 3.00ರಲ್ಲಿ ಅದೇ ಟೈರು 5 ಮಿಮೀ ಸಣ್ಣಗೆ ಕೂರುತ್ತೆ, ರಿಮ್ಮೂ ಹಗುರ. ಮುಂದೆಯೂ 3.00 ಇಟ್ಟರೆ 110/70ಕ್ಕೆ ಸರಿಯಾದ ಅಳತೆ ಅದೇ.

ಗೇರ್ ಲೆಕ್ಕ ಇನ್ನೂ ಯಾರೂ ಹೇಳಿಲ್ಲ. ಹಿಂದಿನ ಚಕ್ರ ಗಿಡ್ಡ ಆದರೆ ಅದೇ ವೇಗಕ್ಕೆ ಎಂಜಿನ್ ಸುಮಾರು 6% ಜಾಸ್ತಿ ತಿರುಗಬೇಕು. ಸಿಟಿಗೆ ಚೆಂದ, ಹೆದ್ದಾರಿಯಲ್ಲಿ ಕಿರುಚುತ್ತೆ. ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) 13 ಹಲ್ಲಿನದು ಇದ್ದರೆ 14 ಹಾಕಿಸಿ, ಹೆಚ್ಚು ಕಡಿಮೆ ಮೊದಲಿನ ಲೆಕ್ಕಕ್ಕೆ ಬರುತ್ತೆ. ಮೀಟರ್ ಮುಂದಿನ ಚಕ್ರದಿಂದ ಓದುವುದಾದರೆ 60ರಲ್ಲಿ ಹೋಗುವಾಗ 71 ತೋರಿಸುತ್ತೆ. ಕಿಲೋಮೀಟರೂ ಅಷ್ಟೇ ಜಾಸ್ತಿ ಓಡುತ್ತೆ, ಆಯಿಲ್ ಬದಲಿಸುವಾಗ ನೆನಪಿಡಿ. ಎಬಿಎಸ್ ಲೆಕ್ಕವೂ ಹಳೇ ಚಕ್ರದ ಸುತ್ತಳತೆಗೆ ಬರೆದದ್ದು, ಮೊದಲ ದಿನ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಬ್ರೇಕ್ ಹಿಡಿದು ಅಭ್ಯಾಸ ಮಾಡಿಕೊಳ್ಳಿ, ಜಗತ್ ಸರ್ಕಲ್‌ನಲ್ಲಿ ಅಲ್ಲ.

ಭೀಮಾ_ತೀರ

ಹಿಡಿದರೆ ಏನು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ 182ಎ ಕಲಂನಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲ ಎರಡೂ. ಇನ್ಶೂರೆನ್ಸ್ ಕ್ಲೇಮ್ ಮಾಡುವಾಗಲೂ ಸರ್ವೇಯರ್ ಚಕ್ರ ನೋಡಿಯೇ ನೋಡುತ್ತಾನೆ. ಹೆದರಿಸುತ್ತಿಲ್ಲ, ಗೊತ್ತಿರಲಿ ಅಂತ. ಹಳೇ ರಿಮ್ ಮಾರಬೇಡಿ.

ಧೂಳು_32

ಅದಕ್ಕೇ ಇನ್ನೊಂದು ಜೊತೆ ಹಬ್ ಹುಡುಕುತ್ತಿದ್ದೇನೆ, ಹಳೇ ಚಕ್ರ ಹಾಗೇ ಅಟ್ಟದ ಮೇಲೆ ಇಡೋಣ ಅಂತ. ಮಳೆಗಾಲಕ್ಕೆ 21-18, ಉಳಿದ ದಿನ 17. ಆರ್‌ಟಿಓ ವಿಷಯ ಮನೆಯಲ್ಲಿ ಹೇಳಿಲ್ಲ.

ಕೊನೇ ಪ್ರಶ್ನೆ, ಗಾಡಿ ಇಳಿದ ಮೇಲೆ ಸೈಡ್ ಸ್ಟ್ಯಾಂಡ್ ಉದ್ದ ಆಗುತ್ತೆ ಅಲ್ವಾ, ಎಷ್ಟು ಕತ್ತರಿಸಬೇಕು?

ಎರೆಮಣ್ಣು

ಈಗಲೇ ಏನೂ ಕತ್ತರಿಸಬೇಡ ತಮ್ಮಾ. ಎರಡು ಜೊತೆ ಚಕ್ರ ಅಂದರೆ ಸ್ಟ್ಯಾಂಡೂ ಎರಡು ಬೇಕು. ಇನ್ನೊಂದು ಸ್ಟ್ಯಾಂಡ್ ತಗೊಂಡು ಅದನ್ನು ಕತ್ತರಿಸು, ಮೊದಲು 20 ಮಿಮೀ. ಇಂಪಲ್ಸ್‌ದು ಕತ್ತರಿಸದೆ ಬಿಟ್ಟಿದ್ದೆ, ಗಂಜ್‌ನಲ್ಲಿ ತೊಗರಿ ಚೀಲದ ಪಕ್ಕ ನಿಲ್ಲಿಸಿ ಚಹಾ ಕುಡಿಯಲು ಹೋದೆ, ತಿರುಗಿ ನೋಡುವಷ್ಟರಲ್ಲಿ ಬಲಕ್ಕೆ ಮಗುಚಿ ಚೀಲದ ಮೇಲೆ ಮಲಗಿತ್ತು.

ಕಡ್ಡಿ_ಕಟ್ಟುವವ_ಬೀದರ್

ಹಬ್ ಸಿಕ್ಕಾಗ ತೂತಿನ ಸಂಖ್ಯೆ, ಫೋಟೋ ಇಲ್ಲಿ ಹಾಕಿ. ಕಡ್ಡಿಯ ಉದ್ದ ಲೆಕ್ಕ ಮಾಡಿ ಹೇಳುತ್ತೇನೆ.