ಸಹಾಯ ಬೇಕು: ಕೆಲಸ ಹೋಗಿದೆ, ಕೈಯಲ್ಲಿರುವುದು ನಾಲ್ಕು ತಿಂಗಳ ದುಡ್ಡು

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಉಡುಪಿಯ ಕಿನ್ನಿಮುಲ್ಕಿಯಲ್ಲಿ. ಮಣಿಪಾಲದ ಒಂದು ಆಫೀಸಿನಲ್ಲಿ ಒಂಬತ್ತು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಹೋದ ತಿಂಗಳು ಅದನ್ನು ಮುಚ್ಚಿದರು.

ಬ್ಯಾಂಕಿನಲ್ಲಿ 1,10,000 ರೂಪಾಯಿ ಇದೆ. ಬಾಡಿಗೆ 8,500. ಅದೂ, ದಿನಸಿ, ಗ್ಯಾಸ್, ಮಗಳ ಸ್ಕೂಲ್ ವ್ಯಾನ್ ಎಲ್ಲ ಸೇರಿ ತಿಂಗಳಿಗೆ 27,000 ಬೇಕು. ಬೈಕ್ ಬಿಟ್ಟು ಬಸ್ಸು ಹಿಡಿದೆ. ಮೀನು ವಾರಕ್ಕೆ ಎರಡು ದಿನ ಮಾತ್ರ. ಅದಕ್ಕಿಂತ ಕಡಿಮೆ ಮಾಡಲು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ! ಹೆಂಡತಿ ಮಾಡುವ ಹಲಸಿನ ಹಪ್ಪಳ ಮಾರೋಣ ಅಂದುಕೊಂಡೆವು, ಆದರೆ ಈ ಮಳೆಯಲ್ಲಿ ಒಣಗಿಸುವುದೆಲ್ಲಿ?

ಟ್ಯಾಲಿ, ಜಿಎಸ್‌ಟಿ ಕೆಲಸ ಚೆನ್ನಾಗಿ ಗೊತ್ತು. ಎರಡು ಅಂಗಡಿಯವರು ಲೆಕ್ಕ ಬರೆದುಕೊಡಿ ಎಂದಿದ್ದಾರೆ. ತಿಂಗಳ ಜಿಎಸ್‌ಟಿ ರಿಟರ್ನ್ ಆದರೆ 11ರೊಳಗೆ ಒಂದು, 20ರೊಳಗೆ ಇನ್ನೊಂದು ಸಲ್ಲಿಸಬೇಕು. ಬಿಲ್ಲುಗಳನ್ನು ಕೊನೇ ದಿನ ಚೀಲದಲ್ಲಿ ತಂದು ಸುರಿಯುತ್ತಾರೆ, ಗೊತ್ತಲ್ವಾ? ಸಣ್ಣ ಅಂಗಡಿಗೆ ತಿಂಗಳಿಗೆ ಎಷ್ಟು ಕೇಳಬಹುದು? ಜಾಸ್ತಿ ಹೇಳಿದರೆ ಓಡಿಹೋಗುತ್ತಾರೆ, ಕಡಿಮೆ ಹೇಳಿದರೆ ಮತ್ತೆ ಏರಿಸಲು ಆಗುವುದಿಲ್ಲ.

ಇನ್ನೊಂದು, ಉಜಿರೆಯ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಮೊಬೈಲ್ ರಿಪೇರಿ ಕಲಿತು ಬಂದವರು ಇಲ್ಲಿದ್ದೀರಾ? ಅದರಿಂದ ನಿಜವಾಗಿ ಮನೆ ನಡೆಯುತ್ತದಾ?

ಭಾವ ಪಿಎಫ್ ತೆಗೆದುಬಿಡು ಎನ್ನುತ್ತಾರೆ. ಐದು ವರ್ಷ ದಾಟಿದ್ದರಿಂದ ತೆರಿಗೆ ಇಲ್ಲ, ಸರಿ. ಆದರೂ ಮನಸ್ಸು ಬರುತ್ತಿಲ್ಲ. ಅದರ ಬದಲು ಸೊಸೈಟಿಯಲ್ಲಿ ಬಳೆ ಅಡವಿಟ್ಟರೆ ಬಡ್ಡಿ ಕಟ್ಟಬೇಕು. ನೀವಾಗಿದ್ದರೆ ಯಾವುದು ಮೊದಲು ಮಾಡುತ್ತಿದ್ದಿರಿ?

ಸುಮ್ನೆ ಧೈರ್ಯ ಹೇಳುವುದು ಬೇಡ, ಲೆಕ್ಕ ಹೇಳಿ. ಸಂಜೆ ಹೊತ್ತಿನ ಅಕೌಂಟ್ಸ್ ಕೆಲಸ ಇದ್ದರೂ ತಿಳಿಸಿ.